ಕಾಟೇಜ್ ಚೀಸ್ ಮತ್ತು ಹಣ್ಣಿನ ಬಟ್ಟಲು: ಕನ್ನಡದಲ್ಲಿ ಏನಂತ ಬರೆಯೋಣ?

ಗೆಳೆಯರೇ,

ಒಲೆ ಹಚ್ಚದೆ ಮಾಡುವ ಬೆಳಗಿನ ತಿಂಡಿಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕಾಟೇಜ್ ಚೀಸ್ ಮೇಲೆ ಹೆಚ್ಚಿದ ಹಣ್ಣು ಹಾಕಿ ತಿನ್ನುವ ಬಟ್ಟಲು ಅದರಲ್ಲಿ ಒಂದು. ಮಾಡಲು ಐದು ನಿಮಿಷ ಸಾಕು. ಬರೆಯಲು ಹೊರಟರೆ ಮಾತ್ರ ಕೆಲವು ಪದಗಳು ಸಿಕ್ಕುತ್ತಿಲ್ಲ. ನಿಮ್ಮ ಸಹಾಯ ಬೇಕು.

ಮೊದಲನೆಯದು ಕಾಟೇಜ್ ಚೀಸ್. ಬಹಳ ಕಡೆ ಇದನ್ನು ಪನೀರ್ ಅಂತ ಬರೆದು ಮುಂದೆ ಹೋಗುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡೂ ಹಾಲು ಒಡೆಸಿ ಮಾಡುವಂಥವು, ಅಷ್ಟು ನಿಜ. ಆಮೇಲಿನ ದಾರಿಯೇ ಬೇರೆ. ಪನೀರ್‌ಗೆ ಹಾಲು ಚೆನ್ನಾಗಿ ಕಾಯಿಸಿ, ಬಿಸಿ ಇರುವಾಗಲೇ ನಿಂಬೆರಸದಂಥ ಹುಳಿ ಹಾಕುತ್ತೇವೆ. ನೋಡುತ್ತಿದ್ದ ಹಾಗೇ ಒಡೆಯುತ್ತದೆ. ಬಟ್ಟೆಯಲ್ಲಿ ಸೋಸಿ, ಮೇಲೆ ಭಾರ ಇಟ್ಟು ಗಟ್ಟಿ ಮಾಡುತ್ತೇವೆ. ಕಾಟೇಜ್ ಚೀಸ್‌ನಲ್ಲಿ ಆತುರವಿಲ್ಲ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ ಗಂಟೆಗಟ್ಟಲೆ ಬಿಡುತ್ತಾರೆ. ಕೆಲವರು ಜೊತೆಗೆ ರೆನೆಟ್, ಅಂದರೆ ಹಾಲನ್ನು ಗಟ್ಟಿಯಾಗಿಸುವ ಕಿಣ್ವ, ಕೂಡ ಸೇರಿಸುತ್ತಾರೆ. ಹೆಪ್ಪುಗಟ್ಟಿದ ಮೇಲೆ ಅಲಗಿನಿಂದ ಸಣ್ಣ ಚೂರುಗಳಾಗಿ ಕತ್ತರಿಸಿ, ಮೆಲ್ಲಗೆ ಬಿಸಿ ಮಾಡಿ, ನೀರು ಬಸಿದು, ತಣ್ಣೀರಿನಲ್ಲಿ ತೊಳೆಯುತ್ತಾರೆ. ಒತ್ತಿ ಗಟ್ಟಿ ಮಾಡುವುದಿಲ್ಲ. ಕೊನೆಗೆ ಉಪ್ಪು, ಕೆನೆ ಬೆರೆಸುತ್ತಾರೆ.

ಹಾಗಾಗಿ ಪನೀರ್ ಚಾಕುವಿನಲ್ಲಿ ಕತ್ತರಿಸುವ ವಸ್ತು, ಕಾಟೇಜ್ ಚೀಸ್ ಚಮಚದಲ್ಲಿ ತೆಗೆಯುವ ವಸ್ತು. ಅದರ ತೂಕದಲ್ಲಿ ನೂರಕ್ಕೆ 80ರ ಹತ್ತಿರ ನೀರೇ ಇರುತ್ತದೆ. ಈ ತಿಂಡಿಗೆ ಬೇಕಾಗಿರುವುದೂ ಆ ಒದ್ದೆತನವೇ. ಹಣ್ಣಿನ ರಸ ಕೆನೆಯ ಜೊತೆ ಸೇರಿ ಹೋಳುಗಳಿಗೆ ಮೆತ್ತಿಕೊಳ್ಳುತ್ತದೆ. ಕೈಪಿಡಿಯಲ್ಲಿ ಪನೀರ್ ಅಂತ ಬರೆದರೆ ಓದುಗರು ಪನೀರನ್ನೇ ತಂದು, ತುಂಡು ಮಾಡಿ ಹಾಕುತ್ತಾರೆ. ತುಂಡು ಒಣಗಿದ ಹಾಗೇ ಕೂರುತ್ತದೆ, ರಸ ತಳಕ್ಕೆ ಇಳಿಯುತ್ತದೆ. ಅದೂ ತಿನ್ನಬಹುದಾದ ತಿಂಡಿಯೇ, ಆದರೆ ನಾನು ಹೇಳಹೊರಟದ್ದು ಅದಲ್ಲ. ಕೊಬ್ಬಿನ ಲೆಕ್ಕವೂ ತಪ್ಪಿಹೋಗುತ್ತದೆ. ಕಾಟೇಜ್ ಚೀಸ್‌ನ 100 ಗ್ರಾಮಿಗೆ ಕೊಬ್ಬು ಸಾಮಾನ್ಯವಾಗಿ 4 ಗ್ರಾಂ ಸುತ್ತಮುತ್ತ. ಕೆನೆ ತೆಗೆಯದ ಹಾಲಿನ ಪನೀರ್‌ನಲ್ಲಿ ಅದು 20 ಗ್ರಾಂ ದಾಟುವುದುಂಟು.

ಇನ್ನು ಗಿಣ್ಣು. ಚೀಸ್ ಅನ್ನುವಲ್ಲೆಲ್ಲ ಗಿಣ್ಣು ಅಂತ ಬರೆಯುವವರಿದ್ದಾರೆ. ಕನ್ನಡದ ಪದ ಬಳಸಬೇಕು ಅನ್ನುವ ಅವರ ಆಸೆ ನನಗೂ ಇದೆ. ಆದರೆ ಗಿಣ್ಣಿಗೆ ಈಗಾಗಲೇ ಒಂದು ಖಚಿತವಾದ ಅರ್ಥ ಇದೆಯಲ್ಲ. ಕರು ಹಾಕಿದ ಹೊಸತರಲ್ಲಿ ಬರುವ ಹಾಲು ಅದು. ಹೆಪ್ಪು, ಹುಳಿ ಏನೂ ಇಲ್ಲದೆ ಬರೀ ಬಿಸಿಗೆ ಗಟ್ಟಿಯಾಗುವುದೇ ಅದರ ಗುಣ. ಇಷ್ಟು ಸ್ಪಷ್ಟವಾದ ಪದವನ್ನು ಎಳೆದು ಇನ್ನೊಂದಕ್ಕೆ ಅಂಟಿಸಿದರೆ ಎರಡೂ ಮಸುಕಾಗುತ್ತವೆ. ಒಡೆದ ಹಾಲು ಅಂತ ಬರೆಯೋಣ ಅಂದರೆ ಕೆಟ್ಟ ಹಾಲು ಅನ್ನುವ ಅರ್ಥವೇ ಮೊದಲು ಬರುತ್ತದೆ. ಬೆಳಗ್ಗೆ ಎದ್ದು ಒಡೆದ ಹಾಲು ತಿನ್ನಿ ಅಂದರೆ ಯಾರು ತಿಂತಾರೆ?

ಸಾಮಗ್ರಿಗಳ ಪಟ್ಟಿಯಲ್ಲಿ ಕಾಟೇಜ್ ಚೀಸ್ ಅಂತಲೇ ಇಡುವುದು ಸದ್ಯಕ್ಕೆ ನನ್ನ ತೀರ್ಮಾನ. ಡಬ್ಬಿಯ ಮೇಲೆ ಇರುವ ಹೆಸರೂ ಕೈಪಿಡಿಯ ಹೆಸರೂ ಹೊಂದಬೇಕು. ಆದರೆ ಮಾಡುವ ಬಗೆಯನ್ನು ಬರೆಯುವಾಗ ಅದರೊಳಗಿನ ಆ ಬಿಡಿ ಬಿಡಿ ಚೂರುಗಳಿಗೆ ಒಂದು ಹೆಸರು ಬೇಕೇ ಬೇಕು. ನನ್ನ ಮುಖ್ಯ ಪ್ರಶ್ನೆ ಇಲ್ಲಿದೆ.

ಗಂಟು ಅನ್ನಬಹುದೇ? ಅಡುಗೆಯ ಮಾತಿನಲ್ಲಿ ಗಂಟು ಅಂದರೆ ದೋಷ. ಗಂಟಾಗದ ಹಾಗೆ ಕಲಸಿ ಅಂತಲೇ ಹೇಳುತ್ತೇವೆ. ಗಡ್ಡೆ ತೀರಾ ದೊಡ್ಡದಾಯಿತು. ಕಾಳು ಅಂದರೆ ಹಲ್ಲಿಗೆ ಸಿಗುವ, ಒಣಗಿದ ವಸ್ತು ಕಣ್ಣಿಗೆ ಬರುತ್ತದೆ. ಹರಳು ತುಂಬಾ ಹೊತ್ತು ನನ್ನ ಮನಸ್ಸಿನಲ್ಲಿತ್ತು. ಜೇನು ಹರಳುಗಟ್ಟಿದೆ ಅಂತೀವಿ, ಉಪ್ಪಿನ ಹರಳು ಅಂತೀವಿ. ಆದರೆ ಹರಳಿನಲ್ಲಿ ಒಂದು ಗಡಸುತನ ಇದೆ, ಒಂದು ಹೊಳಪು ಇದೆ. ಕಾಟೇಜ್ ಚೀಸ್ ನಾಲಿಗೆಯ ಮೇಲೆ ಒತ್ತಿದರೆ ಸಾಕು, ಒಡೆಯುತ್ತದೆ.

ನನಗೆ ಸರಿ ಅನ್ನಿಸಿದ್ದು ಅಗುಳು. ಅನ್ನದ ಅಗುಳಿನ ಹಾಗೇ ಇದೂ ಮೆತ್ತಗೆ, ಒದ್ದೆ, ಒಂದಕ್ಕೊಂದು ತಗುಲಿಕೊಂಡಿದ್ದರೂ ಬಿಡಿಸಿದರೆ ಬಿಡಿ. ಗಾತ್ರವೂ ಹೆಚ್ಚು ದೂರವಿಲ್ಲ. ಹಾಲಿನ ಅಗುಳು ಅಂತ ಬರೆದರೆ ನೋಡದವರಿಗೂ ಅಂದಾಜು ಸಿಗುತ್ತದೆ ಅಂತ ನನ್ನ ನಂಬಿಕೆ. ಕೂಡಿಸಿ ಹಾಲಗುಳು ಅಂತಲೂ ಮಾಡಬಹುದು. ಅಗುಳು ಅನ್ನಕ್ಕೇ ಅಂಟಿಕೊಂಡ ಪದ, ಬೇರೆ ಕಡೆ ಬಾರದು ಅನ್ನುತ್ತೀರಾ? ಹಾಗಿದ್ದರೆ ಕಾರಣದ ಸಮೇತ ತಿಳಿಸಿ.

ಎರಡನೆಯದು ಕ್ರಿಯಾಪದ. ಹಣ್ಣನ್ನು ಇದರೊಳಗೆ ಏನು ಮಾಡುವುದು? ಕಲಸು ಅಂದರೆ ಹಿಸುಕಿ ಒಂದು ಮಾಡುವುದು ಅಂತಾಗುತ್ತದೆ, ಅಗುಳು ಉಳಿಯುವುದಿಲ್ಲ. ಕದಡು ನೀರಿಗೆ ಸರಿ. ಬೆರೆಸು ತಪ್ಪಲ್ಲ, ಆದರೆ ಕೈ ಹೇಗೆ ಓಡಬೇಕು ಅಂತ ಅದು ಹೇಳುವುದಿಲ್ಲ. ಮಗುಚು ಅನ್ನುವುದೇ ಇಲ್ಲಿಗೆ ಹೇಳಿ ಮಾಡಿಸಿದ ಪದ. ಚಮಚವನ್ನು ಅಂಚಿನಿಂದ ತಳಕ್ಕೆ ಇಳಿಸಿ, ಕೆಳಗಿದ್ದದ್ದನ್ನು ಮೇಲಕ್ಕೆ ತರುವುದು ಆ ಒಂದು ಪದದಲ್ಲೇ ಬಂತು. ಅಗುಳು ಇಷ್ಟಪಡದವರು ಮಿಕ್ಸಿಯಲ್ಲಿ ಹಾಕಿ ನಯ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ನುಣ್ಣಗೆ ರುಬ್ಬಿ ಅಂತ ಬರೆದಿದ್ದೇನೆ. ಕಡೆಯಿರಿ ಅಂದರೆ ಬೆಣ್ಣೆ ಬರಬಹುದು ಅಂತ ಕಾಯುತ್ತಾರೆ.

ಡಬ್ಬಿ ತೆರೆದಾಗ ಮೇಲೆ ನಿಂತಿರುವ ತಿಳಿನೀರಿಗೆ ಹಾಲೊಡಕು ಅಂತ ಒಳ್ಳೆಯ ಪದ ಇದ್ದೇ ಇದೆ, ಅದರಲ್ಲಿ ಚರ್ಚೆಯಿಲ್ಲ. ಬಟ್ಟಲೋ ಬೌಲೋ ಅನ್ನುವುದಕ್ಕೂ ನಾನು ತಲೆ ಕೆಡಿಸಿಕೊಂಡಿಲ್ಲ. ಬಟ್ಟಲು ಸಾಕು.

ಮೂರನೆಯದು ಅನಾನಸ್. ಹಸಿ ಅನಾನಸ್, ಕಿವಿ, ಪಪ್ಪಾಯಿ ಮೂರರಲ್ಲೂ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿವೆ: ಬ್ರೊಮೆಲಿನ್, ಆಕ್ಟಿನಿಡಿನ್, ಪಪೇನ್. ಹಿಂದಿನ ರಾತ್ರಿಯೇ ಬೆರೆಸಿ ಫ್ರಿಜ್‌ನಲ್ಲಿ ಇಟ್ಟರೆ ಬೆಳಗ್ಗೆ ಹೋಳಿನ ಸುತ್ತ ಅಗುಳು ಕರಗಿ ತೆಳ್ಳಗಾಗಿರುತ್ತದೆ, ಬಾಯಿಗೆ ಸಣ್ಣ ಕಹಿಯೂ ಸಿಗುತ್ತದೆ. ಡಬ್ಬಿಯ ಅನಾನಸ್‌ನಲ್ಲಿ ಈ ತೊಂದರೆಯಿಲ್ಲ. ತುಂಬುವಾಗಲೇ ಬಿಸಿಗೆ ಕಿಣ್ವ ಸತ್ತಿರುತ್ತದೆ. ಈ ಕೆಡುವಿಕೆಗೆ ನೀರೊಡೆಯುತ್ತದೆ ಅನ್ನಬಹುದೇ, ನೀರು ಬಿಡುತ್ತದೆ ಅನ್ನಬೇಕೇ? ನೀರು ಬಿಡುವುದು ಹಣ್ಣಿನ ಕೆಲಸ ಅನ್ನಿಸುತ್ತದೆ. ಇಲ್ಲಿ ಒಡೆಯುತ್ತಿರುವುದು ಹಾಲಿನ ಭಾಗ. ಅದಕ್ಕೇ ನನ್ನ ಒಲವು ನೀರೊಡೆಯುವುದರ ಕಡೆಗೆ.

ಆರೋಗ್ಯಕರ ಅನ್ನುವ ಪದವನ್ನು ಹೆಸರಿನಿಂದ ತೆಗೆದುಬಿಟ್ಟೆ. ಎಲ್ಲದರ ಮೇಲೂ ಅಂಟಿಸಿ ಅಂಟಿಸಿ ಅದು ಸವೆದಿದೆ. ಬದಲಿಗೆ ಇರುವುದನ್ನು ಹೇಳಿದ್ದೇನೆ: ಕಾಟೇಜ್ ಚೀಸ್‌ನ 100 ಗ್ರಾಮಿಗೆ ಸುಮಾರು 11 ಗ್ರಾಂ ಪ್ರೋಟೀನ್, ನಾರು ಇಲ್ಲವೇ ಇಲ್ಲ ಅನ್ನಬಹುದು, ಸೋಡಿಯಂ 300ರಿಂದ 400 ಮಿಲಿಗ್ರಾಂ. ನಾರಿಗಾಗಿ ಹಣ್ಣು, ಬೀಜ. ಉಪ್ಪು ಕಡಿಮೆ ಮಾಡಬೇಕಾದವರು ಡಬ್ಬಿಯ ಹಿಂಬದಿ ಓದಲೇಬೇಕು.

ಕರಡು ಹೀಗಿದೆ, ತಿದ್ದಿಕೊಡಿ:

"150 ಗ್ರಾಂ ಕಾಟೇಜ್ ಚೀಸನ್ನು ಬಟ್ಟಲಿಗೆ ಹಾಕಿ. ಮೇಲೆ ಹಾಲೊಡಕು ನಿಂತಿದ್ದರೆ ಚೆಲ್ಲಬೇಡಿ, ಮಗುಚಿ ಸೇರಿಸಿ. ತೊಳೆದ ಹಣ್ಣಿನ ನೀರು ಒರೆಸಿ, ಒಂದು ಹಿಡಿಯಷ್ಟು ಹೆಚ್ಚಿ ಮೇಲೆ ಹರಡಿ. ಅಗುಳು ಒಡೆಯದ ಹಾಗೆ ಒಂದೆರಡು ಸಲ ಮಗುಚಿ. ಒಂದು ಚಮಚ ಪುಡಿ ಮಾಡಿದ ಅಗಸೆ, ನಾಲ್ಕು ಬಾದಾಮಿ, ಬೇಕಿದ್ದರೆ ಚಿಟಿಕೆ ಚಕ್ಕೆಪುಡಿ ಉದುರಿಸಿ. ಹಣ್ಣು ಮಾಗಿದ್ದರೆ ಸಕ್ಕರೆ ಬೇಡ. ಅನಾನಸ್, ಕಿವಿ, ಪಪ್ಪಾಯಿ ಹಾಕುವುದಾದರೆ ತಿನ್ನಲು ಕೂತಾಗ ಹಾಕಿ, ಮೊದಲೇ ಹಾಕಿಟ್ಟರೆ ನೀರೊಡೆಯುತ್ತದೆ."

ಇದರಲ್ಲಿ ಅಗುಳು, ಮಗುಚಿ, ನೀರೊಡೆಯುತ್ತದೆ, ಈ ಮೂರೂ ಓದುವಾಗ ತಡೆಯಿಲ್ಲದೆ ಹೋಯಿತೇ? ಎಲ್ಲಿ ಎಡವಿದಿರಿ ಅನ್ನುವುದನ್ನು ಬರೆಯಿರಿ. ನಿಮ್ಮ ಮಾತಿನಲ್ಲಿ ಇದಕ್ಕಿಂತ ಹೊಂದುವ ಪದ ಇದ್ದರೆ ಅದನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.