ಟೈರ್ ದೊಡ್ಡದಾಯಿತು, ಗಾಡಿಯ ಎಳೆತ ಹೋಯಿತು: ಆಕ್ಸಲ್ ರೇಶಿಯೋ 3.73 ತೆಗೆದು 4.10 ಹಾಕಿಸಲೋ, 4.56 ಹಾಕಿಸಲೋ?

ಕಲ್ಲುದಾರಿ

ನಮಸ್ಕಾರ ಎಲ್ಲರಿಗೂ. ಒಂದು ತಿಂಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಫೋರ್ ಬೈ ಫೋರ್ ಡೀಸೆಲ್ ಗಾಡಿ, ಟರ್ಬೊ ಇದೆ, ಐದು ಗೇರಿನ ಮ್ಯಾನ್ಯುವಲ್. ಹಿಂದೆ ಮುಂದೆ ಎರಡೂ ಸಾಲಿಡ್ ಆಕ್ಸಲ್, ರೇಶಿಯೋ 3.73, ಅಂದರೆ ಚಕ್ರ ಒಂದು ಸುತ್ತು ಬರಲು ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಬೇಕು. ಕಂಪನಿಯಿಂದ ಬಂದದ್ದು 235/70 ಆರ್ 16 ಟೈರ್, ಲೆಕ್ಕಕ್ಕೆ 29 ಇಂಚು. ಮೂರು ತಿಂಗಳ ಹಿಂದೆ ಸಸ್ಪೆನ್ಷನ್ ಎತ್ತರಿಸಿ 33 ಇಂಚಿನ ಮಡ್ ಟೈರ್ ಹಾಕಿಸಿದೆ. ಕಲ್ಲಿನ ಮೇಲೆ ಹೌಸಿಂಗ್ (ಆಕ್ಸಲ್ ಗೇರ್ ಇರುವ ಗೂಡು) ತಾಗುವುದು ನಿಂತಿತು, ಅದು ನಿಜವಾಗಿಯೂ ಖುಷಿ ಕೊಟ್ಟಿತು. ಆದರೆ ಗಾಡಿಯ ಜೀವವೇ ಹೋದ ಹಾಗಿದೆ.

ಐದನೇ ಗೇರಿನಲ್ಲಿ 80ರಲ್ಲಿ ಹೋಗುವಾಗ ಸಣ್ಣ ಏರು ಬಂದರೂ ಇಂಜಿನ್ ಗುಡುಗುಡು ಅನ್ನುತ್ತದೆ, ನಾಲ್ಕಕ್ಕೆ ಇಳಿಸಲೇಬೇಕು. ಕಡಿದಾದ ಕಲ್ಲು ಹತ್ತುವಾಗ ಲೋ ರೇಂಜ್ ಒಂದನೇ ಗೇರಿನಲ್ಲೂ ಕ್ಲಚ್ ಅರ್ಧ ಒತ್ತಿ ಆಡಿಸಬೇಕಾಗಿದೆ, ಮೊದಲು ಕ್ಲಚ್ ಮುಟ್ಟದೆ ಹತ್ತುತ್ತಿತ್ತು. ಕಳೆದ ಸಲ ಕ್ಲಚ್ ಸುಟ್ಟ ವಾಸನೆ ಒಳಗಡೆ ತನಕ ಬಂತು. ಇನ್ನೂ ಹೆದರಿಸಿದ್ದು ಇಳಿಜಾರು. ಇಂಜಿನ್ ಹಿಡಿತ ಸಾಲದೆ ಗಾಡಿ ತಾನಾಗಿಯೇ ಓಡುತ್ತದೆ, ಇಳಿಯುವ ಉದ್ದಕ್ಕೂ ಬ್ರೇಕ್ ಮೇಲೆ ಕಾಲು.

ನನ್ನ ಪ್ರಶ್ನೆಗಳು ಇಷ್ಟು: 4.10 ಸಾಕಾ, 4.56 ಬೇಕಾ? ಹಿಂದಿನ ಆಕ್ಸಲ್ ಒಂದನ್ನೇ ಈಗ ಮಾಡಿಸಿ, ಮುಂದಿನದನ್ನು ಆಮೇಲೆ ಮಾಡಿಸಬಹುದಾ? ಆಕ್ಸಲ್ ಮುಟ್ಟದೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ, ಹೈ ಲೋ ರೇಂಜ್ ಇರುವ ಗೇರ್ ಪೆಟ್ಟಿಗೆ) ಗೇರ್ ಮಾತ್ರ ಬದಲಿಸಿದರೆ ಆಗುತ್ತಾ?

ಹಲ್ಲುಲೆಕ್ಕ

ನೀವು ಹೇಳಿದ ಮೂರೂ ತೊಂದರೆಗೆ ಕಾರಣ ಒಂದೇ. ಟೈರ್ ದೊಡ್ಡದಾದರೆ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಗಾಡಿ ಜಾಸ್ತಿ ದೂರ ಹೋಗುತ್ತದೆ, ಅಂದರೆ ಎಲ್ಲ ಗೇರೂ ಒಟ್ಟಿಗೆ ಉದ್ದವಾದ ಹಾಗೆ. 33ನ್ನು 29ರಿಂದ ಭಾಗಿಸಿದರೆ 1.138. ನಿಮ್ಮ 3.73 ಈಗ ಹಳೆಯ ಟೈರಿನ ಲೆಕ್ಕದಲ್ಲಿ 3.28 ಆದಂತೆ ಕೆಲಸ ಮಾಡುತ್ತಿದೆ. ಹಳೆಯ ಎಳೆತ ವಾಪಸ್ ಬೇಕು ಅಂದರೆ 3.73ನ್ನು 1.138ರಿಂದ ಗುಣಿಸಿ, 4.24 ಬರುತ್ತದೆ. ಹೆಚ್ಚಿನ ಆಕ್ಸಲ್‌ಗಳಿಗೆ ಅದರ ಆಚೆ ಈಚೆ ಸಿಗುವುದು 4.10 ಮತ್ತು 4.56, ಅದಕ್ಕೇ ನಿಮಗೆ ಈ ಗೊಂದಲ.

ಇನ್ನೊಂದು ಸೂತ್ರ ಇಟ್ಟುಕೊಳ್ಳಿ. ಕಿಲೋಮೀಟರ್ ವೇಗವನ್ನು ಆಕ್ಸಲ್ ರೇಶಿಯೋದಿಂದ, ಗೇರ್‌ಬಾಕ್ಸಿನ ಆ ಗೇರಿನ ರೇಶಿಯೋದಿಂದ, ಮತ್ತೆ 209ರಿಂದ ಗುಣಿಸಿ, ಟೈರಿನ ಇಂಚಿನಿಂದ ಭಾಗಿಸಿ. ಇಂಜಿನ್ ಆರ್‌ಪಿಎಂ ಬರುತ್ತದೆ. ನಿಮ್ಮ ಐದನೇ ಗೇರ್ 0.80 ಅಂದುಕೊಳ್ಳೋಣ. 80ರಲ್ಲಿ ಹಳೆಯ ಟೈರಿಗೆ 1720 ಇತ್ತು, ಈಗ 1510ರ ಹತ್ತಿರ. ಆ 200 ಆರ್‌ಪಿಎಂನಲ್ಲೇ ಟರ್ಬೊ ಎಳೆಯುವ ಜಾಗ ಕೈತಪ್ಪಿರಬೇಕು. 4.10 ಹಾಕಿದರೆ 1660, 4.56 ಹಾಕಿದರೆ 1850. ನಿಮ್ಮ ಗೇರಿನ ನಿಜವಾದ ರೇಶಿಯೋ ಮ್ಯಾನ್ಯುವಲ್ ನೋಡಿ ಹಾಕಿಕೊಳ್ಳಿ.

ಆದರೆ ಆರ್ಡರ್ ಕೊಡುವ ಮೊದಲು ಟೈರ್ ಅಳೆಯಿರಿ. ಪಕ್ಕದಲ್ಲಿ 33 ಅಂತ ಬರೆದ ಟೈರ್ ನೆಲದ ಮೇಲೆ ನಿಂತಾಗ ಪೂರ್ತಿ 33 ಇರುವುದು ಅಪರೂಪ. ಗಾಳಿ ಸರಿ ಮಾಡಿಕೊಂಡು ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಟೈರು ನೆಲ ಮುಟ್ಟುವ ಕಡೆ, ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗಾಡಿಯನ್ನು ನೇರವಾಗಿ ತಳ್ಳಿ, ಟೈರಿನ ಗೆರೆ ಮತ್ತೆ ಕೆಳಗೆ ಬಂದಾಗ ನೆಲದ ಮೇಲೆ ಇನ್ನೊಂದು ಗೆರೆ. ಎರಡು ಗೆರೆ ನಡುವಿನ ದೂರ ಅಳೆಯಿರಿ. ನಿಮ್ಮ ಸ್ಟೆಪ್ನಿ ಇನ್ನೂ ಹಳೆಯ ಸೈಜೇ ಇದ್ದರೆ ಅದನ್ನೂ ಹಾಕಿ ಹೀಗೇ ಅಳೆಯಿರಿ. ಆ ಎರಡು ದೂರಗಳ ಭಾಗಾಕಾರವೇ ಸಾಕು, ವ್ಯಾಸ ಕಂಡುಹಿಡಿಯುವ ಗೋಜೇ ಇಲ್ಲ.

ಗ್ರೀಸ್ ಕೈ

ನಾನು ಇದೇ ಕೆಲಸ ಮಾಡುವವನು, ಹೆಚ್ಚಾಗಿ ಗೇರ್‌ಬಾಕ್ಸ್ ಮತ್ತು ಹೌಸಿಂಗ್. ಲೆಕ್ಕವನ್ನು ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಕೈಕೆಲಸದ ಬಗ್ಗೆ ಹೇಳುತ್ತೇನೆ.

ಮೊದಲು, ಹಿಂದಿನದು ಮಾತ್ರ ಮಾಡಿಸುವ ಯೋಚನೆ ಬಿಡಿ. ಹಿಂದೆ 4.56, ಮುಂದೆ 3.73 ಇಟ್ಟುಕೊಂಡು ಫೋರ್ ಬೈ ಫೋರ್ ಹಾಕಿದಿರೋ, ಟ್ರಾನ್ಸ್‌ಫರ್ ಕೇಸ್ ಎರಡು ಪ್ರೊಪೆಲ್ಲರ್ ಶಾಫ್ಟನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ, ಆದರೆ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡಾ 22 ಜಾಸ್ತಿ ಓಡಲು ನೋಡುತ್ತದೆ. ಟೈರ್ ಜಾರಲೇಬೇಕು, ಜಾರದಿದ್ದರೆ ಏನಾದರೂ ಮುರಿಯಲೇಬೇಕು. ಮುಂದಿನದು ಆಗುವ ತನಕ ಟೂ ವೀಲ್‌ನಲ್ಲೇ ಓಡಿಸುತ್ತೇನೆ ಅಂದರೂ ಒಂದು ದಿನ ಕೆಸರಿನಲ್ಲಿ ಸಿಕ್ಕಾಗ ಕೈ ತಾನಾಗಿ ಆ ಲಿವರ್‌ಗೆ ಹೋಗುತ್ತದೆ. 4.10 ಮತ್ತು 4.11ರಂಥ ಕೂದಲೆಳೆ ವ್ಯತ್ಯಾಸ ಇದ್ದರೆ ತೊಂದರೆ ಇಲ್ಲ, ಅಷ್ಟೇ.

ಎರಡನೆಯದು, ಈಗ ನಿಜವಾಗಿಯೂ 3.73 ಇದೆಯಾ ಅಂತ ಕಣ್ಣಾರೆ ನೋಡಿ. ಗಾಡಿ ಹಳೆಯದಾದರೆ ಹಿಂದಿನ ಮಾಲೀಕ ಏನು ಮಾಡಿಸಿದ್ದಾನೋ ಯಾರಿಗೆ ಗೊತ್ತು. ಮಿಕ್ಕ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ, ಒಂದು ಚಕ್ರ ಮಾತ್ರ ಎತ್ತಿ. ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ಮೂರೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಬಂದರೆ 3.73. ಲಾಕರ್ (ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುವ ಸಾಧನ) ಇಲ್ಲದ ಸಾದಾ ಡಿಫರೆನ್ಷಿಯಲ್‌ಗೆ, ಅಂದರೆ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರಿಗೆ, ಈ ಲೆಕ್ಕ. ಮುಂದಿನ ಆಕ್ಸಲ್‌ಗೆ ಮಾಡುವಾಗ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್‌ಗೆ ಸೇರಿಸುವ, ಬಿಡಿಸುವ ಹಬ್) ಲಾಕ್ ಆಗಿರಲಿ.

ಇನ್ನು ಮುಖ್ಯವಾದ್ದು. ಆಕ್ಸಲ್ ಒಳಗಿನ ದೊಡ್ಡ ಗೇರ್ ಕ್ರೌನ್, ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್, ಇವು ಜೋಡಿಯಾಗಿಯೇ ಬರುತ್ತವೆ, ಒಂದು ಸೆಟ್‌ನ ಕ್ರೌನಿಗೆ ಇನ್ನೊಂದರ ಪಿನಿಯನ್ ಹಾಕುವಂತಿಲ್ಲ. ರೇಶಿಯೋ ಸಂಖ್ಯೆ ದೊಡ್ಡದಾದಷ್ಟೂ ಪಿನಿಯನ್ ತಲೆ ಸಣ್ಣದಾಗುತ್ತದೆ. 41 ಹಲ್ಲಿನ ಕ್ರೌನಿಗೆ 11 ಹಲ್ಲಿನ ಪಿನಿಯನ್ ಇದ್ದರೆ 3.73, 10 ಇದ್ದರೆ 4.10, 9 ಇದ್ದರೆ 4.56. ಪಿನಿಯನ್ ಸಣ್ಣದಾದರೆ ಕ್ರೌನ್ ಅದರ ಹತ್ತಿರ ಬರಬೇಕು, ಹಾಗಾಗಿ ಕೆಲವು ಆಕ್ಸಲ್‌ಗಳಲ್ಲಿ ಒಂದು ಮಟ್ಟ ದಾಟಿದರೆ ಒಳಗಿನ ಡಿಫರೆನ್ಷಿಯಲ್ ಕೇಸನ್ನೂ ಬದಲಿಸಬೇಕಾಗುತ್ತದೆ. ಡಾನಾ 44 ಅನ್ನುವ ಆಕ್ಸಲ್‌ನಲ್ಲಿ 3.73 ತನಕ ಒಂದು ಕೇಸ್, 3.92ರಿಂದ ಮೇಲೆ ಇನ್ನೊಂದು. ನಿಮ್ಮ ಆಕ್ಸಲ್‌ಗೆ ಇಂಥ ಗಡಿ ಎಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ. ಕೇಸ್ ಹೇಗೂ ಬದಲಿಸಬೇಕು ಅಂತಾದರೆ, ಲಾಕರ್ ಹಾಕಿಸುವ ಮನಸ್ಸಿದ್ದವರು ಅದೇ ಸಮಯಕ್ಕೆ ಹಾಕಿಸಿಬಿಡಿ, ಬಿಚ್ಚುವ ಕೂಲಿ ಒಂದೇ ಸಲ.

ಜೋಡಣೆಯಲ್ಲಿ ನಾಲ್ಕು ವಿಷಯ ಸರಿ ಬರಬೇಕು: ಪಿನಿಯನ್ ಎಷ್ಟು ಒಳಗೆ ಕೂತಿದೆ, ಪಿನಿಯನ್ ಬೇರಿಂಗ್ ಬಿಗಿತ, ಕೇಸಿನ ಬೇರಿಂಗ್ ಬಿಗಿತ, ಮತ್ತೆ ಕ್ರೌನಿಗೂ ಪಿನಿಯನ್‌ಗೂ ನಡುವಿನ ಆಟ. ಆ ಆಟ ಹೆಚ್ಚಾಗಿ 0.15ರಿಂದ 0.25 ಮಿಲಿಮೀಟರ್, ಡಯಲ್ ಗೇಜ್ ಇಟ್ಟು ಮೂರು ನಾಲ್ಕು ಕಡೆ ನೋಡಬೇಕು. ಕೈಯಲ್ಲಿ ಅಲ್ಲಾಡಿಸಿ 'ಸರಿ ಇದೆ' ಅನ್ನುವವರ ಹತ್ತಿರ ಗಾಡಿ ಬಿಡಬೇಡಿ. ಆಮೇಲೆ ಹಲ್ಲಿಗೆ ಹಳದಿ ಪೇಸ್ಟ್ ಬಳಿದು, ಕ್ರೌನನ್ನು ಸ್ವಲ್ಪ ತಡೆ ಹಿಡಿದು ತಿರುಗಿಸಿದರೆ, ಪಿನಿಯನ್ ಎಲ್ಲಿ ಉಜ್ಜುತ್ತದೆಯೋ ಅಲ್ಲಿ ಪೇಸ್ಟ್ ಒರೆಸಿಹೋಗಿ ಅಂಡಾಕಾರದ ಗುರುತು ಬೀಳುತ್ತದೆ. ಗುರುತು ಹಲ್ಲಿನ ತುದಿಗೆ ಬಿದ್ದರೆ ಪಿನಿಯನ್ ಇನ್ನೂ ಒಳಗೆ ಹೋಗಬೇಕು, ಬುಡಕ್ಕೆ ಬಿದ್ದರೆ ಹೊರಗೆ ಬರಬೇಕು. ಒಂದು ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಲು ಬೇರಿಂಗ್ ಕಿತ್ತು ಮತ್ತೆ ಒತ್ತಬೇಕು. ಮೂರು ನಾಲ್ಕು ಸಲ ಹೀಗೆ ಮಾಡುವುದು ಮಾಮೂಲು. ಅವಸರ ಮಾಡುವವರಿಂದ ಈ ಕೆಲಸ ಆಗುವುದಿಲ್ಲ.

ಬೆಟ್ಟದ ಗಾಳಿ

ಗ್ರೀಸ್ ಕೈ ಹೇಳಿದ್ದಕ್ಕೆ ನನ್ನ ಗಾಡಿಯೇ ಸಾಕ್ಷಿ. ಒಂದು ವರ್ಕ್‌ಶಾಪಿನಲ್ಲಿ 4.88 ಹಾಕಿಸಿದ್ದೆ. ಪಿನಿಯನ್ ನಟ್ ಬಿಗಿ ಮಾಡುವಾಗ ಒಳಗೆ ಕ್ರಷ್ ಸ್ಲೀವ್ ಅಂತ ಒಂದು ಕೊಳವೆ ಅಮುಕಿಕೊಳ್ಳುತ್ತದಲ್ವಾ, ಒಂದು ಸಲ ಅಮುಕಿದರೆ ಮುಗಿಯಿತು, ಹೊಸದೇ ಹಾಕಬೇಕು. ಅವರು ಹಳೆಯದನ್ನೇ ಹಾಕಿದ್ದರು. ಮೊದಲ ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ 60 ದಾಟಿದ ಕೂಡಲೇ ಸಣ್ಣ ಕೂಗು, ಆಕ್ಸಲರೇಟರ್ ಬಿಟ್ಟರೆ ಇನ್ನೊಂದು ಸ್ವರ. ದೊಡ್ಡ ಟೈರಿನ ಸದ್ದು ಅಂದುಕೊಂಡು ಎರಡು ತಿಂಗಳು ಓಡಿಸಿದೆ. ಕವರ್ ಬಿಚ್ಚಿದಾಗ ಆಯಿಲ್ ಬೆಳ್ಳಿ ಬಣ್ಣ ಕಲಸಿದ ಹಾಗಿತ್ತು, ಬೆರಳಿಗೆ ಹಚ್ಚಿಕೊಂಡರೆ ಮಿಣಮಿಣ. ಪಿನಿಯನ್ ಹಲ್ಲಿನ ಅಂಚಿಗೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಪೂರ್ತಿ ಸೆಟ್, ಬೇರಿಂಗ್ ಎಲ್ಲ ಮತ್ತೆ ಹೊಸದು. ಹಾಗಾಗಿ ಬೇರಿಂಗ್, ಸೀಲ್, ಕ್ರಷ್ ಸ್ಲೀವ್, ಪಿನಿಯನ್ ನಟ್, ಕ್ರೌನ್ ಬೋಲ್ಟ್, ಇಷ್ಟೂ ಹೊಸದು ಇರುವ ಕಿಟ್ ಮೊದಲೇ ತೆಗೆದುಕೊಂಡು ಹೋಗಿ ಕೈಗೆ ಕೊಡಿ.

ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ 4.56. ಲೆಕ್ಕ 4.24 ಅನ್ನುತ್ತದೆ ನಿಜ, ಆದರೆ ಆ ಲೆಕ್ಕದಲ್ಲಿ ಟೈರಿನ ತೂಕ ಇಲ್ಲ. ಮಡ್ ಟೈರ್ ಒಂದೊಂದೂ ಹಳೆಯದಕ್ಕಿಂತ ಎಷ್ಟೋ ಭಾರ, ಆ ಭಾರ ಇರುವುದೂ ಚಕ್ರದ ಹೊರ ಅಂಚಿನಲ್ಲಿ. ಗಾಡಿ ಎತ್ತರವಾಯಿತು, ಗಾಳಿಯ ತಡೆಯೂ ಜಾಸ್ತಿ. 3.73ರಿಂದ 4.10ಕ್ಕೆ ಹೋದರೆ ಸಿಗುವುದು ಶೇಕಡಾ 10 ಮಾತ್ರ, ನೀವು ಕಳೆದುಕೊಂಡದ್ದು ಅದಕ್ಕಿಂತ ಜಾಸ್ತಿ. ಎರಡು ಆಕ್ಸಲ್ ಬಿಚ್ಚಿ ಇಷ್ಟೆಲ್ಲ ಮಾಡಿಸಿ ಇನ್ನೂ ಸ್ವಲ್ಪ ಕೊರತೆ ಉಳಿದರೆ ಹೊಟ್ಟೆ ಉರಿಯುತ್ತದೆ.

ಸಣ್ಣ ಗಾಡಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನನ್ನದು ಸುಜುಕಿ ಜಿಮ್ನಿ, ನಾನು ಆಕ್ಸಲ್ ಮುಟ್ಟಲಿಲ್ಲ, ಟ್ರಾನ್ಸ್‌ಫರ್ ಕೇಸ್ ಗೇರ್ ಬದಲಿಸಿದೆ. ಎರಡು ಕಡೆ ಬಿಚ್ಚುವ ಬದಲು ಒಂದೇ ಕಡೆ, ಹಿಂದೆ ಮುಂದೆ ಹೊಂದಿಸುವ ತಲೆನೋವೂ ಇಲ್ಲ. ನನ್ನ ಸೆಟ್‌ನಲ್ಲಿ ಹೈ, ಲೋ ಎರಡೂ ಇಳಿದವು, ರಸ್ತೆಯಲ್ಲೂ ಎಳೆತ ಬಂತು. ಹಳೆಯ ಸುಜುಕಿ ಸಮುರಾಯ್ ಗಾಡಿಯವರೂ ಎಷ್ಟೋ ಕಾಲದಿಂದ ಇದೇ ದಾರಿ ಹಿಡಿದಿದ್ದಾರೆ.

ಆದರೆ ಕಲ್ಲುದಾರಿ ಅವರೇ, ನಿಮ್ಮ ಗಾಡಿಗೆ ಇದು ನಡೆಯುತ್ತದೆ ಅಂತ ಹೇಳಲಾರೆ. ಬಹಳ ಗಾಡಿಗಳಲ್ಲಿ ಹೈ ರೇಂಜ್ ನೇರ 1:1, ಅಲ್ಲಿ ಇಳಿಸಲು ಗೇರೇ ಇಲ್ಲ. ಅಂಥದ್ದಕ್ಕೆ ಸಿಗುವ ಕಿಟ್ ಲೋ ರೇಂಜ್ ಮಾತ್ರ ಬದಲಿಸುತ್ತದೆ. ಕಲ್ಲು ಹತ್ತಲು ಆಗುತ್ತದೆ, 80ರಲ್ಲಿ ಐದನೇ ಗೇರ್ ಮಾತ್ರ ಹಾಗೇ ಗುಡುಗುಡು. ಇನ್ನೊಂದು ವಿಷಯ, ಟ್ರಾನ್ಸ್‌ಫರ್‌ನಲ್ಲಿ ಇಳಿಸಿದರೆ ಆ ಜಾಸ್ತಿ ತಿರುಚುವ ಬಲವನ್ನೆಲ್ಲ ಪ್ರೊಪೆಲ್ಲರ್ ಶಾಫ್ಟು, ಜಾಯಿಂಟು, ಪಿನಿಯನ್ನು ಹೊರಬೇಕು. ಆಕ್ಸಲ್‌ನಲ್ಲಿ ಇಳಿಸಿದರೆ ಕ್ರೌನಿನಿಂದ ಆಚೆಗೆ ಮಾತ್ರ ಬಲ ಹೆಚ್ಚುತ್ತದೆ. ನನ್ನದು ಹಗುರ ಗಾಡಿ, ನಡೆಯಿತು. ನಿಮ್ಮ ಡೀಸೆಲ್ ಭಾರಕ್ಕೆ ಆಕ್ಸಲ್ ದಾರಿಯೇ ಸರಿ ಅನ್ನಿಸುತ್ತದೆ.

ಕಲ್ಲುದಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೆಳಿಗ್ಗೆ ಸೀಮೆಸುಣ್ಣ, ಟೇಪ್ ಹಿಡಿದು ಅಳೆದೆ. ಹೊಸ ಟೈರ್ ಒಂದು ಸುತ್ತಿಗೆ 257.5 ಸೆಂಟಿಮೀಟರ್, ಸ್ಟೆಪ್ನಿ 227. ಭಾಗಿಸಿದರೆ 1.134. ಅಂದರೆ ನನ್ನ '33' ನೆಲದ ಮೇಲೆ 32.3 ಇಂಚು, '29' ಅನ್ನುವುದೂ 28.5 ಅಷ್ಟೇ. ಎರಡೂ ಕಡಿಮೆ ಇರುವುದರಿಂದ ಕೊನೆಗೆ 4.23 ಬಂತು, ಹೆಚ್ಚು ಕಡಿಮೆ ಮೊದಲಿನದೇ. ಚಕ್ರ ಎತ್ತಿ ಎಣಿಸಿದೆ, ಎರಡೂ ಆಕ್ಸಲ್ 3.73. ಟ್ರಾನ್ಸ್‌ಫರ್ ಹೈ ರೇಂಜ್ ನೇರ 1:1, ಹಾಗಾಗಿ ಆ ದಾರಿ ಮುಚ್ಚಿತು.

4.56 ಕಡೆಗೆ ಮನಸ್ಸು ವಾಲಿದೆ. ಒಂದೇ ಭಯ, ದೂರದ ಪ್ರಯಾಣದಲ್ಲಿ ಇಂಜಿನ್ ಜಾಸ್ತಿ ಅರಚುತ್ತದಾ? ಮೈಲೇಜ್ ಇಳಿಯುತ್ತದಾ?

ಹಲ್ಲುಲೆಕ್ಕ

100ರಲ್ಲಿ ಐದನೇ ಗೇರಿಗೆ ನೋಡೋಣ. ಕಂಪನಿ ಗಾಡಿಯಲ್ಲಿ ಸುಮಾರು 2190, 4.56 ಹಾಕಿ ನಿಮ್ಮ ಅಳತೆಯ ಟೈರಿಗೆ 2360. ಸುಮಾರು 170 ಜಾಸ್ತಿ, ಅದು ಅರಚುವ ಮಟ್ಟ ಅಲ್ಲ. 4.10 ಹಾಕಿದ್ದರೆ 2120, ಅಂದರೆ ಕಂಪನಿಗಿಂತ ಇನ್ನೂ ಸ್ವಲ್ಪ ಕೆಳಗೇ. ನಿಮ್ಮ ಓಡಾಟದಲ್ಲಿ ಮುಕ್ಕಾಲು ಪಾಲು 110, 120ರ ಹೆದ್ದಾರಿಯೇ ಆಗಿದ್ದರೆ ನಾನೂ 4.10 ಅನ್ನುತ್ತಿದ್ದೆ. ನೀವು ಬರೆದ ತೊಂದರೆಯೆಲ್ಲ ಏರು, ಕಲ್ಲು, ಇಳಿಜಾರು. 4.56 ತೆಗೆದುಕೊಳ್ಳಿ.

ಮೈಲೇಜ್ ಬಗ್ಗೆ ಒಂದು ಮಾತು. ಟೈರ್ ಬದಲಿಸಿದ ಮೇಲೆ ಮೀಟರ್ ದೂರವನ್ನು ಕಡಿಮೆ ತೋರಿಸುತ್ತಿದೆ. ಮೀಟರ್ 100 ಅಂದರೆ ನೀವು ಹೋದದ್ದು 113ರ ಹತ್ತಿರ. ಈಗಿನ ಮೈಲೇಜ್ ಲೆಕ್ಕವನ್ನು ಜಿಪಿಎಸ್ ದೂರ ಹಿಡಿದು ಮತ್ತೆ ಮಾಡಿ, ನೀವು ಅಂದುಕೊಂಡಷ್ಟು ಕೆಟ್ಟದಾಗಿರಲಿಕ್ಕಿಲ್ಲ. ವೇಗವೂ ಹಾಗೇ, ಮುಳ್ಳು ತೋರಿಸುವುದಕ್ಕಿಂತ ಜಾಸ್ತಿ ಓಡುತ್ತಿದ್ದೀರಿ, ಹುಷಾರು. ಮೀಟರ್ ಟ್ರಾನ್ಸ್‌ಫರ್ ಕೇಸಿನಿಂದ ಓಡುವ ಗಾಡಿಯಾದರೆ 4.56 ಹಾಕಿದ ಮೇಲೆ ಉಲ್ಟಾ ಆಗಿ ಶೇಕಡಾ 8ರಷ್ಟು ಜಾಸ್ತಿ ತೋರಿಸುತ್ತದೆ, ಅದರ ಚಿಕ್ಕ ಗೇರ್ ಬದಲಿಸಿ ಸರಿಮಾಡಿಸಿ.

ಗ್ರೀಸ್ ಕೈ

ಒಂದು ವಿಷಯ ಸೇರಿಸುತ್ತೇನೆ. ಗೇರ್ ಬದಲಿಸಿದರೆ ಇಂಜಿನ್ ಹಿಡಿತ ವಾಪಸ್ ಬರುತ್ತದೆ, ಬ್ರೇಕ್ ಅಲ್ಲ. ಭಾರದ ಟೈರನ್ನು ನಿಲ್ಲಿಸುವುದು ಅದೇ ಹಳೆಯ ಬ್ರೇಕು. ಹೌಸಿಂಗ್ ಬಿಚ್ಚಿದಾಗಲೇ ಪ್ಯಾಡು, ಡಿಸ್ಕು, ಹೋಸು ಎಲ್ಲ ನೋಡಿಸಿ.

ಹೊಸ ಗೇರಿಗೆ ಮೊದಲ ದಿನ 25-30 ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ 800 ಕಿಲೋಮೀಟರ್ ಏನನ್ನೂ ಎಳೆಯಬೇಡಿ, ಕಲ್ಲಿಗೂ ಹೋಗಬೇಡಿ. ಆಮೇಲೆ ಆಯಿಲ್ ಇಳಿಸಿ ಹೊಸದು ತುಂಬಿಸಿ, ಜಿಎಲ್-5 ದರ್ಜೆಯದೇ ಇರಲಿ. ಮೊದಲ ಆಯಿಲ್‌ನಲ್ಲಿ ಮ್ಯಾಗ್ನೆಟ್‌ಗೆ ಸಣ್ಣ ಬೂದಿಯಂಥ ಪುಡಿ ಅಂಟಿದ್ದರೆ ಹೆದರಬೇಡಿ. ಉಗುರಿಗೆ ಸಿಗುವಂಥ ಚೂರು ಕಂಡರೆ ಮಾತ್ರ ಗಾಡಿ ನಿಲ್ಲಿಸಿ.

ಕಲ್ಲುದಾರಿ

ಎರಡು 4.56 ಸೆಟ್, ಎರಡು ಪೂರ್ತಿ ಬೇರಿಂಗ್ ಕಿಟ್ ಆರ್ಡರ್ ಮಾಡಿದೆ. ಮಾಡುವವರ ಹತ್ತಿರ ಮಾತಾಡಿದೆ, ಡಯಲ್ ಗೇಜ್ ಇದೆಯಾ ಅಂತ ಕೇಳುವ ಮೊದಲೇ ಅವರೇ ತೆಗೆದು ತೋರಿಸಿದರು. ಹಳದಿ ಪೇಸ್ಟ್ ಗುರುತಿನ ಫೋಟೋ ತೆಗೆದುಕೊಳ್ಳಲು ಒಪ್ಪಿದ್ದಾರೆ, ಮುಚ್ಚುವ ಮೊದಲು ಇಲ್ಲಿ ಹಾಕುತ್ತೇನೆ. ಬೇರೆ ಏನಾದರೂ ಕೇಳಬೇಕಾ ಅವರ ಹತ್ತಿರ?

ಗ್ರೀಸ್ ಕೈ

ಹಲ್ಲಿನ ಎರಡೂ ಬದಿಯ ಫೋಟೋ ಬೇಕು, ಎಳೆಯುವ ಬದಿ, ಬಿಡುವ ಬದಿ. ಹಳೆಯ ಶಿಮ್‌ಗಳ ದಪ್ಪ ಅಳೆದು, ಯಾವುದು ಎಲ್ಲಿತ್ತು ಅಂತ ಟೇಪಿನ ಮೇಲೆ ಬರೆದು ಅಂಟಿಸಿ ಇಡಲು ಹೇಳಿ. ಹೊಸ ಪಿನಿಯನ್ನಿಗೆ ಮೊದಲ ಅಂದಾಜು ಅದರಿಂದಲೇ ಶುರುವಾಗುತ್ತದೆ.