ರೇಪಿಯರ್: ಜೋಡಿ ತಾಲೀಮು ಸರಿಯಾಗಿದೆ, ಪಂದ್ಯದಲ್ಲಿ ಇಬ್ಬರಿಗೂ ಪೆಟ್ಟು

ಪ್ರಶ್ನೆ

ಜರ್ಮನಿಯಲ್ಲಿ ಒಂದು ಸಣ್ಣ ಗುಂಪಿಗೆ ಹದಿನೇಳನೆಯ ಶತಮಾನದ ಇಟಾಲಿಯನ್ ರೇಪಿಯರ್ (ಮುಖ್ಯವಾಗಿ ತಿವಿಯಲು ಬಳಸುವ ಉದ್ದನೆಯ ತೆಳು ಕತ್ತಿ) ಕತ್ತಿವರಸೆ ಕಲಿಸುತ್ತಿದ್ದೇನೆ. 1610ರಲ್ಲಿ ಸಿಯೆನಾದಲ್ಲಿ ಅಚ್ಚಾದ, ಕತ್ತಿವರಸೆ ಗುರು ಕಾಪೋ ಫೆರ್ರೊನ ಗ್ರಂಥವೇ ನಮಗೆ ಆಧಾರ. ಈಗ ಮಾಡಿಸುತ್ತಿರುವ ತಾಲೀಮು ಹೀಗಿದೆ: ಶಿಷ್ಯ ಜೊತೆಗಾರನ ಅಲಗನ್ನು ಒಳಬದಿಯಿಂದ (ಬಲಗೈಯವನಿಗೆ ತನ್ನ ಕತ್ತಿಯ ಎಡಬದಿ) ಹತೋಟಿಗೆ ತೆಗೆದುಕೊಳ್ಳುತ್ತಾನೆ, ಅಂದರೆ ಸ್ಟ್ರಿಂಜೆರೆ. ಜೊತೆಗಾರ ಮೊನೆಯನ್ನು ಕೆಳಗಿನಿಂದ ನುಸುಳಿಸಿ ಹೊರಬದಿಗೆ ತರುತ್ತಾನೆ, ಅದು ಕವಾತ್ಸಿಯೋನೆ. ಆ ಗಳಿಗೆಯಲ್ಲೇ ಶಿಷ್ಯ ಅಂಗೈ ನೆಲ ನೋಡುವಂತೆ ಕೈ ತಿರುಗಿಸಿ, ಅಂದರೆ ಸೆಕೊಂಡಾ ಎಂಬ ಕೈ ಭಂಗಿಯಲ್ಲಿ, ತಿವಿಯುತ್ತಾನೆ. ಎಲ್ಲರೂ ಸೊಗಸಾಗಿ ಮಾಡುತ್ತಾರೆ. ಪಂದ್ಯಕ್ಕೆ ಇಳಿದರೆ ಮಾತ್ರ ಇಬ್ಬರಿಗೂ ಒಟ್ಟಿಗೆ ಪೆಟ್ಟು. ವೇಗ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉತ್ತರ

ದಯವಿಟ್ಟು ವೇಗ ಹೆಚ್ಚಿಸಬೇಡಿ. ನಿಮ್ಮ ಶಿಷ್ಯರಿಗೆ ಕೈ ಪಳಗಿದೆ, ಕಣ್ಣು ಪಳಗಿಲ್ಲ. ಜೊತೆಗಾರ ಪ್ರತಿ ಸಲವೂ ಮೊನೆ ನುಸುಳಿಸುತ್ತಾನೆ ಎಂದು ಮೊದಲೇ ಗೊತ್ತಿದ್ದರೆ ಅಲಗನ್ನು ಗಮನಿಸುವ ಅಗತ್ಯವಾದರೂ ಏನು? ಪಂದ್ಯದಲ್ಲಿ ಎದುರಾಳಿ ಕದಲದೆ ನಿಂತರೂ ಇವರ ಕೈ ಅಭ್ಯಾಸಬಲದಿಂದ ಸೆಕೊಂಡಾಕ್ಕೆ ತಿರುಗುತ್ತದೆ, ಒಳಬದಿ ಬಯಲಾಗುತ್ತದೆ.

ಜೊತೆಗಾರನಿಗೆ ಆಯ್ಕೆ ಕೊಡಿ. ನುಸುಳಿಸಿದರೆ ಶಿಷ್ಯ ಸೆಕೊಂಡಾದಲ್ಲಿ ತಿವಿಯಲಿ. ಸುಮ್ಮನೆ ನಿಂತರೆ ಅಂಗೈ ಮೇಲೆ ಮಾಡಿ, ಕ್ವಾರ್ಟಾದಲ್ಲಿ ಒಳಬದಿಯಿಂದಲೇ ನೇರವಾಗಿ ತಿವಿಯಲಿ. ಇದು ಒಗ್ಗಿದ ಮೇಲೆ ಜೊತೆಗಾರ ಹಿಂದೆ ಸರಿಯುವುದನ್ನೂ ಸೇರಿಸಿ. ಆಗ ತಿವಿಯದೆ ಇರುವುದೇ ಸರಿಯಾದ ಉತ್ತರ.

ಅಂತರವನ್ನೂ ನೋಡಿ. ಮುಂಗಾಲು ಚಾಚಿದರೆ ಮಾತ್ರ ಮೊನೆ ತಾಗುವುದು ಮಿಸುರಾ ಲಾರ್ಗಾ. ಕಾಲು ಕದಲಿಸದೆ ಮೈ ಬಾಗಿಸಿದರೇ ತಾಗುವುದು ಮಿಸುರಾ ಸ್ಟ್ರೆಟ್ಟಾ. ಸ್ಟ್ರಿಂಜೆರೆಯನ್ನು ಸ್ಟ್ರೆಟ್ಟಾದೊಳಗೆ ಶುರುಮಾಡಿದರೆ ಎದುರಾಳಿಯ ಕವಾತ್ಸಿಯೋನೆಯೇ ತಿವಿತವಾಗಿಬಿಡುತ್ತದೆ. ಅದನ್ನು ದೂರದಲ್ಲೇ ಶುರುಮಾಡಿ, ಲಾರ್ಗಾದ ಅಂಚಿಗೆ ಬರುವಷ್ಟರಲ್ಲಿ ಹತೋಟಿ ಸಿಕ್ಕಿರಬೇಕು.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಮುಖ್ಯ. ಸೆಕೊಂಡಾದ ತಿವಿತ ಮುಗಿದ ಕ್ಷಣಕ್ಕೆ 'ನಿಲ್ಲಿ' ಎನ್ನಿ. ಇಬ್ಬರೂ ಬಲಗೈಯವರಾದರೆ ಜೊತೆಗಾರನ ಅಲಗು ಶಿಷ್ಯನ ಹಿಡಿಯ ಬಳಿಯ ಗಟ್ಟಿ ಭಾಗಕ್ಕೆ, ಅಂದರೆ ಫೋರ್ಟೆಗೆ, ಒತ್ತಿಕೊಂಡು ಶಿಷ್ಯನ ಬಲಭುಜದ ಆಚೆಗೆ ಮುಖ ಮಾಡಿರಬೇಕು. ಎದೆಯತ್ತಲೇ ಇದ್ದರೆ ಕೈಗಿಂತ ಮೊದಲು ಕಾಲು ಹೊರಟಿದೆಯೇ ಎಂದು ನೋಡಿ. ಮೊದಲು ಕೈ, ಆಮೇಲೆ ಕಾಲು. ಅಲಗು ಪಕ್ಕಕ್ಕೆ ಸರಿದಿರದಿದ್ದರೆ, ಮೊನೆ ತಾಗಿದ್ದರೂ ಆ ತಿವಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಮತ್ತೆ ಪ್ರಶ್ನೆ

ಆಯ್ಕೆ ಕೊಟ್ಟ ಮೇಲೆ ಜೋಡಿ ಪೆಟ್ಟು ಕಡಿಮೆಯಾಗಿದೆ, ಧನ್ಯವಾದಗಳು. ಆದರೆ ಈಗ ಶಿಷ್ಯರು ನೋಡುತ್ತಲೇ ನಿಲ್ಲುತ್ತಾರೆ. ತಿವಿಯುವಷ್ಟರಲ್ಲಿ ಎದುರಾಳಿಯ ಮೊನೆ ಆಚೆ ಬದಿಯಲ್ಲಿ ಸಿದ್ಧವಾಗಿರುತ್ತದೆ.

ಉತ್ತರ

ಕವಾತ್ಸಿಯೋನೆ ಮುಗಿಯಲಿ ಎಂದು ಅವರು ಕಾಯುತ್ತಿದ್ದಾರೆ. ಟೆಂಪೋ, ಅಂದರೆ ತಿವಿಯಲು ಸರಿಯಾದ ಗಳಿಗೆ, ಇರುವುದು ಆ ಚಲನೆಯ ನಡುವೆ. 1606ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಇನ್ನೊಬ್ಬ ಕತ್ತಿವರಸೆ ಗುರು ಜಿಗಾಂತಿಯ ಗ್ರಂಥದ ಮೊದಲ ಪಾಠಗಳಲ್ಲೂ ಒತ್ತು ಇದರ ಮೇಲೆಯೇ. ಜೊತೆಗಾರ ಮೊನೆಯನ್ನು ಬೇಕೆಂದೇ ದೊಡ್ಡ ಸುತ್ತಿನಲ್ಲಿ, ನಿಧಾನವಾಗಿ ತರಲಿ. ಅದು ಶಿಷ್ಯನ ಹಿಡಿಯ ಕೆಳಗೆ ಇಳಿಯುವಾಗಲೇ ಕೈ ಹೊರಡಬೇಕು. ಮೇಲೆ ಬಂದುಬಿಟ್ಟರೆ ತಿವಿಯುವಂತಿಲ್ಲ, ಹಿಂದೆ ಸರಿದು ಮತ್ತೆ ಶುರು. ಕೈ ಹೊತ್ತಿಗೆ ಸರಿಯಾಗಿ ಹೊರಡತೊಡಗಿದ ಮೇಲೆ ಸುತ್ತನ್ನು ಸ್ವಲ್ಪ ಸ್ವಲ್ಪವೇ ಚಿಕ್ಕದು ಮಾಡುತ್ತಾ ಹೋಗಿ. ಕೊಂಟ್ರಕವಾತ್ಸಿಯೋನೆ, ಅಂದರೆ ಕವಾತ್ಸಿಯೋನೆಗೆ ಪ್ರತಿಯಾಗಿ ತಾನೂ ಮೊನೆ ನುಸುಳಿಸುವುದು, ಅಲ್ಲಿಯವರೆಗೆ ಬೇಡ. ನಿಧಾನದ ತಾಲೀಮು ಎಂದು ಮುಖಕವಚ, ಕತ್ತಿನ ಕವಚ, ಮೊನೆಯ ರಬ್ಬರ್ ತೆಗೆಯಲು ಯಾರಿಗೂ ಬಿಡಬೇಡಿ.