ಪುಕ್ಕಟೆ ಇದ್ದರೂ ಅಂಗಡಿಗೆ ಯಾಕೆ ಬರಲಿಲ್ಲ?

ಗುಂಪು: ಮುಧೋಳದ ಮನೆಯವರು

ತಮ್ಮ (ಬೆಂಗಳೂರು):
ಫಾರ್ವರ್ಡ್: "ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರ್ ಗುಜರಿಗೆ ಹಾಕಬೇಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ, ಪೂರ್ತಿ ಪುಕ್ಕಟೆ. ಆದರೂ ಜನ ಬಳಸಲ್ಲ. ಹೊಸದು ಕಲಿಯೋಕೆ ಸೋಮಾರಿತನ."
ಸರಿಯಾಗಿ ಬರೆದಿದ್ದಾರೆ, ಅಲ್ವಾ? ಅಕ್ಕಾ, ನಿನ್ನ ಅಂಗಡಿಗೂ ಇದೇ ಹಾಕೋಣ.

ಅಕ್ಕ (ಬಾಗಲಕೋಟೆ):
ಸೋಮಾರಿತನ ಅನ್ನಬೇಡ ತಮ್ಮಾ. ಬೆಳಿಗ್ಗೆಯಿಂದ ಸಂಜೆತನಕ ಬಾಂಡ್, ಅಫಿಡವಿಟ್, ಅರ್ಜಿ ಟೈಪ್ ಮಾಡುವವಳು ನಾನು.

ಮಾಮಾ (ವಿಜಯಪುರ):
ಪುಕ್ಕಟೆ ಸಿಗುವುದಕ್ಕೆ ಕಿಮ್ಮತ್ತಿಲ್ಲ, ಅಷ್ಟೇ.

ತಮ್ಮ:
ಹಾಗಲ್ಲ ಮಾಮಾ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸಿನ ತಿರುಳು. ನೀವು ಭಜನೆ ವಿಡಿಯೋ ನೋಡುವ ವಿಎಲ್‌ಸಿ ಕೂಡ ಲಿನಕ್ಸಿನ ಹಾಗೇ ಮುಕ್ತ ತಂತ್ರಾಂಶವೇ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು.

ಅಕ್ಕ:
ನಾನೂ ಅದನ್ನೇ ಹೇಳುವುದು. ಫೋನಲ್ಲಿ ಅದು ಹಾಕಿಕೊಂಡೇ ಬಂತು. ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ ಹಾಗೇ ಬರುತ್ತದೆ. ಕೆಟ್ಟರೆ ರಿಪೇರಿ ಹುಡುಗ ಪೆನ್‌ಡ್ರೈವ್ ತಂದು ಕಳ್ಳ ಕಾಪಿ ವಿಂಡೋಸ್, ಫೋಟೋಶಾಪ್, ಜೊತೆಗೆ ಕನ್ನಡ ಟೈಪ್ ಮಾಡುವ ನುಡಿ ಎಲ್ಲಾ ಹಾಕಿ ಹೋಗುತ್ತಾನೆ. ಅವನ ಕೂಲಿ ಬಿಟ್ಟರೆ ಪೈಸೆ ಖರ್ಚಿಲ್ಲ. ಹಾಗಿರುವಾಗ ನಿನ್ನ ಪುಕ್ಕಟೆ ಯಾರ ಕಣ್ಣಿಗೆ ಬೀಳಬೇಕು?

ನೀನು ವರ್ಡ್ ಬದಲಿಗೆ ಪುಕ್ಕಟೆ ಲಿಬ್ರೆ ಆಫೀಸ್ ಹಾಕಿಕೊಟ್ಟಿದ್ದು ನೆನಪಿದೆಯಾ? ಒಬ್ಬ ವಕೀಲರು ಹಳೇ ನುಡಿ ಫೈಲ್ ತಂದರು. ತೆರೆದರೆ ಕನ್ನಡವೇ ಇಲ್ಲ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕೆ, ಗೆರೆ. ಕೋರ್ಟ್ ಟೈಮ್ ಆಗಿತ್ತು. ಅವರು ಎದ್ದು ಪಕ್ಕದ ಅಂಗಡಿಗೆ ಹೋದರು.

ತಮ್ಮ:
ಅದು ಫಾಂಟಿನ ತೊಂದರೆ ಅಕ್ಕಾ. ಹಳೇ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದಿದ್ದರೆ ವರ್ಡ್‌ನಲ್ಲೂ ಹಾಗೇ ಕಾಣುತ್ತದೆ. ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ ಯೂನಿಕೋಡ್‌ಗೆ ಬದಲಿಸಿಬಿಟ್ಟರೆ ಎಲ್ಲಿ ಬೇಕಾದರೂ ಓದಬಹುದು. ನಿನ್ನ ಬೆರಳಿಗೆ ರೂಢಿಯಾದ ನುಡಿಯ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಲಿನಕ್ಸಿನಲ್ಲೂ ಇದೆ.

ಅಕ್ಕ:
ಇದನ್ನು ಆವತ್ತು ಹೇಳುವವರು ಯಾರಿದ್ದರು? ಕೇರಳ ನೋಡು. ಅಲ್ಲಿ ಸರ್ಕಾರದ ಕೈಟ್ ಸಂಸ್ಥೆ ಶಾಲೆಗೆ ಬೇಕಾದ ಹಾಗೆ ಉಬುಂಟು ಅನ್ನುವ ಲಿನಕ್ಸಿನ ಮೇಲೆ ತನ್ನದೇ ಲಿನಕ್ಸ್ ಸಿದ್ಧ ಮಾಡಿದೆ, ಮಾಸ್ತರರಿಗೆ ತರಬೇತಿಯನ್ನೂ ಕೊಟ್ಟಿದೆ. ಅಲ್ಲಿನ ಜನ ನಮಗಿಂತ ಜಾಸ್ತಿ ಚುರುಕು ಅಂತಲ್ಲ. ಅಡಚಣೆ ಬಂದಾಗ ಕೇಳಲು ಹತ್ತಿರ ಒಬ್ಬರಿದ್ದರು. ನಮಗೆ ಸಿಕ್ಕಿದ್ದು ಸುಮ್ನೆ ಒಂದು ಡೌನ್‌ಲೋಡ್ ಲಿಂಕ್.

ಮಾಮಾ:
ನನ್ನ ಲೆಕ್ಕ ಎಲ್ಲಾ ಟ್ಯಾಲಿಯಲ್ಲಿದೆ. ಅದು ಲಿನಕ್ಸಿಗೆ ಬರುವುದಿಲ್ಲವಂತೆ?

ತಮ್ಮ:
ಹೌದು ಮಾಮಾ, ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ನಿಮ್ಮದನ್ನು ಮುಟ್ಟುವುದು ಬೇಡ. ಅಕ್ಕನ ಎರಡನೇ ಕಂಪ್ಯೂಟರಿಗೆ ಹಾಕಿ ನೋಡುತ್ತೇನೆ.

ಅಕ್ಕ:
ಹಾಗಿದ್ದರೆ ದೀಪಾವಳಿಗೆ ಬಂದಾಗ ಅಂಗಡಿಯಲ್ಲಿ ಕೂತುಕೋ. ಹಳೇ ಫೈಲ್, ಪ್ರಿಂಟರ್, ಸ್ಕ್ಯಾನರ್ ಎಲ್ಲಾ ಗಿರಾಕಿ ಎದುರಿಗೇ ನಡೆಯಬೇಕು. ಆ ರಿಪೇರಿ ಹುಡುಗನನ್ನೂ ಕರೆಸುತ್ತೇನೆ, ಅವನಿಗೆ ಕಲಿಸು. ಅವನು ಕಲಿತರೆ ಇಡೀ ಓಣಿಗೆ ಅವನೇ ಹಾಕಿಕೊಡುತ್ತಾನೆ.